ಉಂಡು ಅನ್ನುವ ಕೂಸು

ಅರ್ಧ ಚೀಲ ಮೆಣಸಿನಕಾಯಿಯ ತೊಟ್ಟು ಮುರಿದಾಗಿತ್ತು, ಇನ್ನರ್ಧ ಬಾಕಿ ಇತ್ತು. ಗಂಗೋತ್ರಿ ಮೊಣಕೈಯಿಂದ ಹಣೆಯ ಬೆವರು ಒರೆಸಿಕೊಂಡು ಮತ್ತೊಂದು ಹಿಡಿ ಕಾಯಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ವರ್ಷದ ಖಾರದಪುಡಿ ಕುಟ್ಟಿಸುವ ಕಾಲ. ಕುರುಗೋಡಿನ ಆ ಓಣಿಯಲ್ಲಿ ಯಾರ ಅಂಗಳ ನೋಡಿದರೂ ಕೆಂಪಗೆ ಹಾಸಿತ್ತು, ಹಾದು ಹೋಗುವವರೆಲ್ಲ ಸೀನುತ್ತ ಹೋಗುತ್ತಿದ್ದರು. ಅತ್ತೆ ಜಂಬಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ತಾನೂ ಒಂದಿಷ್ಟು ಕಾಯಿ ಮಡಿಲಿಗೆ ಹಾಕಿಕೊಂಡಿದ್ದಳು.

ಮೀನಾಕ್ಷಿ ಇಬ್ಬರ ಕೈಗೂ ಎಟುಕದಷ್ಟು ದೂರದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಏಳು ವರ್ಷದ ಹುಡುಗಿ. ಅವಳ ಕಣ್ಣು ಗಂಗೋತ್ರಿಯ ಕಾಲಿನ ಮೇಲಿತ್ತು. ಮಡಚಿದ ಕಾಲು ಸ್ವಲ್ಪ ಸಡಿಲಾದರೆ ಸಾಕು, ಹುಡುಗಿಯ ಬೆನ್ನು ನೆಟ್ಟಗಾಗುತ್ತಿತ್ತು.

ಒಳಗೆ ಫೋನು ಹೊಡೆದುಕೊಂಡಿತು. ಗಂಗೋತ್ರಿ ಎದ್ದಳು.

“ಉಂಡು,” ಅಂದಳು ಮೀನಾಕ್ಷಿ.

“ಈಗಷ್ಟ ರೊಟ್ಟಿ ತಿಂದೀಯಲ್ಲವ್ವ. ಫೋನ್ ಬಂದೈತಿ, ಮಾತಾಡಿ ಬರ್ತೀನಿ.”

“ಉಂಡು! ಉಂಡು!”

“ಶುರು ಆತು ನೋಡು,” ಜಂಬಮ್ಮ ಕಟ್ಟೆಯಿಂದಲೇ ಅಂದಳು. “ಹೊಟ್ಟ್ಯಾಗ ಯಾರು ಬಾವಿ ತೋಡಿಟ್ಟಾರೋ ಏನೋ. ನೀ ಹೋಗು, ನಾ ಕೊಡ್ತೀನಿ ಒಂದು ತುತ್ತು.”

ಫೋನು ಬಳ್ಳಾರಿಯಿಂದ. ಮಕ್ಕಳ ರಕ್ಷಣೆಯ ಕಚೇರಿಯ ಜಯಶ್ರೀ ಮೇಡಂ. ಮನೆಯೊಳಗೆ ಮಾತು ಕಡಿದು ಕಡಿದು ಬರುತ್ತಿತ್ತು. ಗಂಗೋತ್ರಿ ಸೆರಗಿನ ತುದಿಯಲ್ಲಿ ಫೋನು ಹಿಡಿದು ಓಣಿಯ ತಿರುವಿನವರೆಗೆ ಹೋದಳು.

“ಗಂಗೋತ್ರಿಯವರ, ನಿಮ್ಮ ಪತ್ರ ಇನ್ನೂ ಬಂದಿಲ್ಲಲ್ರಿ. ದೀಪಾವಳಿಗೆ ಕಳಸ್ತೀನಿ ಅಂದ್ರಿ, ಸಂಕ್ರಾಂತಿಗೆ ಅಂದ್ರಿ. ಈಗ ಶಿವರಾತ್ರಿ ಬಂತು.”

“ಕಳಸ್ತೀನಿ ಮೇಡಂ.”

“ಏನಂತ ಕಳಸ್ತೀರಿ? ಇಟ್ಕೊಂತೀವಿ ಅಂತಾನೋ, ಆಗಂಗಿಲ್ಲ ಅಂತಾನೋ? ನಾ ಒತ್ತಾಯ ಮಾಡಾಕತ್ತಿಲ್ರಿ. ಆದ್ರ ಎರಡರಾಗ ಒಂದು ಬರೀಬೇಕು, ಗಂಡ ಹೆಂಡ್ತಿ ಇಬ್ಬರ ಸಹಿ ಬೇಕು. ಮುಂದಿನ ಸಭೆಗೆ ಪತ್ರ ಬರಲಿಲ್ಲಂದ್ರ ಸಮಿತಿಯವರು ಇಲ್ಲ ಅಂತನ ತಿಳಕೊಂತಾರ. ನಾನ ಬಂದು ಕೂಸಿನ್ನ ಕರ್ಕೊಂಡು ಹೋಗಬೇಕಾಗ್ತೈತಿ.”

ಗಂಗೋತ್ರಿ ಬಾಯಿ ತೆರೆಯುವಷ್ಟರಲ್ಲಿ ಮನೆಯ ಕಡೆಯಿಂದ ಜಂಬಮ್ಮನ ಚೀರಾಟ ಕೇಳಿತು.

ಓಡಿ ಬಂದಾಗ ಅಂಗಳದಲ್ಲಿ ರೊಟ್ಟಿ ಬಿದ್ದಿತ್ತು, ಶೇಂಗಾ ಚಟ್ನಿ ಮೆಣಸಿನಕಾಯಿಯ ಮೇಲೆ ಚೆಲ್ಲಿತ್ತು. ಜಂಬಮ್ಮ ಎರಡೂ ಕಣ್ಣು ಮುಚ್ಚಿಕೊಂಡು ಕಟ್ಟೆಯ ಕಂಬಕ್ಕೆ ಒರಗಿ ಕೂತಿದ್ದಳು. “ಕಣ್ಣಿಗಿ ಎಸೀತವ್ವ! ಕಾಯಿ ಹಿಡಕೊಂಡು ಕಣ್ಣಿಗೇ ಎಸೀತು! ರೊಟ್ಟಿ ಕೊಟ್ಟಿದ್ದಕ್ಕ!” ಹುಡುಗಿ ಹೊಸ್ತಿಲ ಮೇಲೆ ನಿಂತು ಬಾಗಿಲ ಚೌಕಟ್ಟು ಅಪ್ಪಿಕೊಂಡಿದ್ದಳು. ಬೀಜ ಅಂಟಿದ ಕೈಯಿಂದ ತನ್ನ ಮುಖವನ್ನೂ ಉಜ್ಜಿಕೊಂಡಿದ್ದಳು. ಕೆನ್ನೆ ಕೆಂಡದಂತಾಗಿತ್ತು, ಆದರೂ ಅಳುತ್ತಿರಲಿಲ್ಲ.

ಗಂಗೋತ್ರಿ ಹತ್ತಿರ ಹೋದಳು. ಕೈಗೆ ಖಾರ ಹತ್ತಿದೆ ಅನ್ನುವುದು ಮರೆತು ಹೋಯಿತು. ತೋಳು ಹಿಡಿದದ್ದೇ ತಡ, ಮೀನಾಕ್ಷಿ ಅವಳ ಮುಂಗೈಗೆ ಬಾಯಿ ಹಾಕಿದಳು. ಹಲ್ಲು ಊರಿತು. ಗಂಗೋತ್ರಿ ಹಲ್ಲು ಕಚ್ಚಿಕೊಂಡು ನಿಂತಳು, ಕೈ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಇನ್ನೂ ಗಟ್ಟಿ ಹಿಡಿಯುತ್ತಾಳೆ ಅನ್ನುವುದು ಗೊತ್ತಿತ್ತು.

ಆಮೇಲೆ ಮಜ್ಜಿಗೆ ತಂದು ಅತ್ತೆಯ ಕಣ್ಣಿನ ಸುತ್ತ ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ತಂದು ಹುಡುಗಿಯ ಕೆನ್ನೆಗೆ ಸವರಿದ್ದಾಯಿತು. ಜಂಬಮ್ಮ ಕಣ್ಣು ಬಿಡಲು ಬರುತ್ತಲೇ ಮೊದಲು ತಡವರಿಸಿ ಆ ರೊಟ್ಟಿ ಎತ್ತಿಕೊಂಡಳು. ಮಣ್ಣು ಝಾಡಿಸಿ ಹಣೆಗೆ ಒತ್ತಿಕೊಂಡಳು. ಈ ಮನೆಯಲ್ಲಿ ಅನ್ನಕ್ಕೆ ಪ್ರಸಾದ ಅನ್ನುತ್ತಾರೆ. ತಟ್ಟೆ ತೊಳೆದ ನೀರನ್ನೂ ಕುಡಿಯುವ ಹೆಣ್ಣುಮಗಳು ಜಂಬಮ್ಮ.

“ಕಣ್ಣು ಹೋಗಿದ್ರ ಹೋಗ್ಲಿ,” ಅಂದಳು. “ಪ್ರಸಾದ ಒಗೆಯೋ ಕೂಸು ಈ ಮನ್ಯಾಗ ಬ್ಯಾಡ ಗಂಗೋತ್ರಿ. ನಾ ಇನ್ನ ಹೇಳಂಗಿಲ್ಲ.”

ಮೀನಾಕ್ಷಿ ಈ ಮನೆಗೆ ಬಂದದ್ದು ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ. ಹಡೆದವರಿಲ್ಲದ ಮಕ್ಕಳನ್ನು ಬೇರೆ ಮನೆಯವರು ತಮ್ಮಲ್ಲಿಟ್ಟುಕೊಂಡು ಸಾಕುವ ಸರ್ಕಾರಿ ವ್ಯವಸ್ಥೆಯೊಂದಿದೆ. ಮಗಳು ಶಾಂಭವಿಯನ್ನು ಸಿರುಗುಪ್ಪಕ್ಕೆ ಕೊಟ್ಟ ಮೇಲೆ ಗಂಗೋತ್ರಿಯೇ ಅದರ ಬೆನ್ನು ಹತ್ತಿ, ಬಳ್ಳಾರಿಗೆ ಅಲೆದು, ಗಂಡನನ್ನೂ ಅತ್ತೆಯನ್ನೂ ಒಪ್ಪಿಸಿ ಈ ಹುಡುಗಿಯನ್ನು ಕರೆತಂದಿದ್ದಳು. ಕಚೇರಿಯವರು ಹೇಳಿದ್ದು ಇಷ್ಟೇ. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಭತ್ತ ನಾಟಿಯ ಕೂಲಿಗೆ ಬಂದು ಅಲ್ಲೇ ನೆಲೆಸಿದ್ದ ಹೆಣ್ಣುಮಗಳೊಬ್ಬಳ ಕೂಸು. ತಾಯಿಗೆ ಜ್ವರ ಏರಿ ಆಟೋದಲ್ಲಿ ಹಾಕಿಕೊಂಡು ಹೋದರು, ಅವಳು ತಿರುಗಿ ಬರಲಿಲ್ಲ. ಆಮೇಲೆ ಬಳ್ಳಾರಿಯ ಮಕ್ಕಳ ಮನೆ. ಆಮೇಲೆ ಮೋಕದ ಕಡೆಯ ಒಂದು ಕುಟುಂಬ. ಅವರು ಬೇಸಿಗೆ ಕಳೆಯುವುದರೊಳಗೆ ನಮ್ಮಿಂದ ಆಗದು ಅಂತ ಬರೆದುಕೊಟ್ಟರು. ಹುಡುಗಿ ಕರೂರಿನ ಶಾಲೆಯಲ್ಲಿ ಒಂದನೇ ತರಗತಿ ಓದಿದವಳು, ಕನ್ನಡ ನಮ್ಮ ನಿಮ್ಮಂತೆ ಮಾತಾಡುತ್ತಿದ್ದಳು. ಕಾಗದದಲ್ಲಿ ಭಾಷೆ ಅಂತ ಇದ್ದ ಕಡೆ ಕನ್ನಡ ಅಂತಲೇ ಬರೆದಿತ್ತು.

ಬಂದ ದಿನವೇ ಗಂಗೋತ್ರಿಯನ್ನು ಅಮ್ಮ ಅಂದಳು. ಓಣಿಯವರೆಲ್ಲ ಬೆರಗಾದರು. ಗಂಗೋತ್ರಿಯ ಕಣ್ಣು ತುಂಬಿತ್ತು. ಆದರೆ ಹಾಲಿನವಳು ಬಂದರೂ ಅಮ್ಮ, ಬಳೆ ಮಾರುವವಳು ಬಂದರೂ ಅಮ್ಮ. ಯಾರು ಕೈ ಚಾಚಿದರೂ ಹೋಗಿ ತೊಡೆಯ ಮೇಲೆ ಕೂತುಬಿಡುತ್ತಿದ್ದಳು. ಯಾರು ಎದ್ದು ಹೋದರೂ ತಿರುಗಿ ನೋಡುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಅಮ್ಮ ಅನ್ನುವುದು ನಿಂತಿತು. ಗಂಗೋತ್ರಿಯನ್ನು ಮಾತ್ರ ಏನೂ ಕರೆಯದಾದಳು. ಅವಳು ಸಂತೆಗೆ ಹೊರಟರೆ ಬಾಗಿಲಿಗೆ ಬಂದು “ಉಂಡು” ಅನ್ನುವಳು. ಜಂಬಮ್ಮ ಆಗ ಊರೆಲ್ಲ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. “ಎಂಥಾ ಸಂಸ್ಕಾರ ನೋಡ್ರಿ ಕೂಸಿಂದು! ಹೊರಗ ಹೊಂಟೋರಿಗೆ ಉಂಡು ಹೋಗ್ರಿ ಅಂತೈತಿ. ನಮ್ಮ ಮನಿ ಗುಣ ಆಗಲೇ ಹತ್ತೈತಿ.” ಗಂಗೋತ್ರಿ ಗಲ್ಲ ಹಿಂಡಿ “ನನ್ನ ಊಟ ಆಗೈತವ್ವ” ಅಂದು ಹೋಗುತ್ತಿದ್ದಳು. ತಿರುಗಿ ಬರುವಷ್ಟರಲ್ಲಿ ಮನೆಯಲ್ಲಿ ಏನಾದರೂ ಒಡೆದಿರುತ್ತಿತ್ತು.

ಹಾಸಿಗೆ ಝಾಡಿಸಿದರೆ ಒಣಗಿದ ರೊಟ್ಟಿ ಸಿಕ್ಕಿತು. ಟ್ರಂಕಿನ ಹಿಂದೆ ಮಂಡಕ್ಕಿ, ಪಾಟಿಚೀಲದಲ್ಲಿ ಇರುವೆ ಹತ್ತಿದ ಬೆಲ್ಲ. ಆಗ ಮನೆಯವರ ಲೆಕ್ಕ ಬದಲಾಯಿತು. ಹುಡುಗಿಗೆ ತೀರದ ಹಸಿವು, ಅದಕ್ಕೇ ಉಂಡು ಉಂಡು ಅನ್ನುತ್ತದೆ ಅಂದುಕೊಂಡರು. ಕೇಳಿದಾಗಲೆಲ್ಲ ಕೊಟ್ಟರು, ಕೊಟ್ಟಿದ್ದು ಅಂಗಳಕ್ಕೆ ಬಿತ್ತು. ಹೆಚ್ಚು ಕೊಟ್ಟಷ್ಟೂ ಹೆಚ್ಚು ಎಸೆದಳು. ಗಂಗೋತ್ರಿಯ ಕೈ ಮೇಲೆ ಹಲ್ಲಿನ ಗುರುತು ಮಾಯುವುದರೊಳಗೆ ಇನ್ನೊಂದು ಬೀಳುತ್ತಿತ್ತು.

ಮೆಣಸಿನಕಾಯಿ ಎಸೆದ ದಿನ ಸಂಜೆ ಗಂಡ ಚನ್ನಬಸವರಾಜ ಬಳ್ಳಾರಿಯಿಂದ ಬಂದ. ಅವನದು ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ತಾಮ್ರದ ತಂತಿ ತರಲು ಕೌಲ್ ಬಜಾರಿಗೆ ಹೋಗಿದ್ದ. ತಾಯಿಯ ಊದಿದ ಕಣ್ಣು ನೋಡಿದ, ಹೆಂಡತಿಯ ಮುಂಗೈ ನೋಡಿದ. ಕೈಕಾಲು ತೊಳೆದು, ದೇವರ ಜಗಲಿಯ ಮೇಲಿನ ವಿಭೂತಿ ಧರಿಸಿ, ಉಂಡು ಎದ್ದ ಮೇಲೆಯೇ ಮಾತು ತೆಗೆದ. ಮೀನಾಕ್ಷಿ ನಡುಮನೆಯ ಬಾಗಿಲಲ್ಲಿ ಕೂತು ಪಾಟಿಯ ಮೇಲೆ ಬರೆಯುತ್ತಿದ್ದಳು.

“ಸುಟ್ಟ ಮೋಟಾರಿಗಾದ್ರ ತಂತಿ ಬಿಚ್ಚಿ ಹೊಸಾದು ಸುತ್ತಬಹುದು. ಇದಕ್ಕ ಎಲ್ಲಿ ಸುತ್ತಲಿ ಹೇಳು?” ದನಿ ತಗ್ಗಿಸಿ ಅಂದ. “ಮುಂದಿನ ವಾರ ಶಾಂಭವಿ ಕುಬುಸ. ಚೊಚ್ಚಲ ಬಾಣಂತನಕ್ಕ ಇಲ್ಲಿಗೇ ಕರ್ಕೊಂಡು ಬರಬೇಕು. ನಾಳೆ ಹಸಿಕೂಸು ತೊಟ್ಲಾಗ ಮಲಗಿರ್ತೈತಿ, ಇದು ಒಂದು ಹಿಡಿ ಖಾರ ಒಗೀತು ಅನ್ಕೋ.”

ಆ ಚಿತ್ರ ಗಂಗೋತ್ರಿಯ ಕಣ್ಣಿಗೂ ಬಂದು ಹೋಗಿತ್ತು.

ಅವನು ಅಂಗಿಯ ಜೇಬಿನಿಂದ ಮಡಚಿದ ಹಾಳೆ ತೆಗೆದ. ಬಳ್ಳಾರಿಯಲ್ಲಿ ಯಾರಿಂದಲೋ ಟೈಪು ಮಾಡಿಸಿ ತಂದಿದ್ದ. ‘ಕೆಲವು ಕೌಟುಂಬಿಕ ಕಾರಣಗಳಿಂದ ಸದರಿ ಬಾಲಕಿಯ ಪಾಲನೆಯನ್ನು ಮುಂದುವರಿಸಲು ಸಾಧ್ಯವಾಗುತ್ತಿಲ್ಲ’ ಅಂತಿತ್ತು. ಕೆಳಗೆ ಅವನ ಸಹಿ ಆಗಲೇ ಬಿದ್ದಿತ್ತು.

“ನಿಂದೊಂದು ಹಾಕು, ಮುಗೀತೈತಿ.”

“ಕುಬುಸ ಆಗ್ಲಿ ತಡೀರಿ.”

“ನೀ ತಡೀರಿ ಅನ್ನೋದು ದೀಪಾವಳಿಯಿಂದ ಕೇಳಾಕತ್ತೀನಿ.”

“ಹಂಗಾರ ಇನ್ನೊಂದು ವಾರ ಕೇಳ್ರಿ. ಕಿವಿ ಏನು ಸವೆಯಂಗಿಲ್ಲ.”

ಅವನು ನಗಲಿಲ್ಲ. ಹಾಳೆಯನ್ನು ಕಂದು ಬಣ್ಣದ ಕವರಿಗೆ ಹಾಕಿ ಗೋಡೆಯ ಗೂಡಿನಲ್ಲಿಟ್ಟ. ಗಂಗೋತ್ರಿ ತಿರುಗಿ ನೋಡಿದರೆ ಹುಡುಗಿ ಬರೆಯುವುದನ್ನು ನಿಲ್ಲಿಸಿದ್ದಳು. ಅವಳ ದೃಷ್ಟಿ ಕವರಿನ ಮೇಲೆ ನೆಟ್ಟಿತ್ತು.

ಬಸುರಿ ಮಗಳಿಗೆ ಉಡಿ ತುಂಬುವ ಕುಬುಸದ ದಿನ ಚನ್ನಬಸವರಾಜ ಸೀರೆ, ಹೋಳಿಗೆ ಬುಟ್ಟಿಗಳನ್ನು ಗಾಡಿಯಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಸಿರುಗುಪ್ಪಕ್ಕೆ ಹೋದ. ಹೆಂಗಸರು ಬಸ್ಸು ಹತ್ತಿದರು. ಮೀನಾಕ್ಷಿಯನ್ನು ಯಾರ ಬಳಿಯೂ ಬಿಟ್ಟು ಬರುವಂತಿರಲಿಲ್ಲ, ಅವಳೂ ಜೊತೆಗಿದ್ದಳು. ದಾರಿಯುದ್ದಕ್ಕೂ ಅವಳು ಕಿಟಕಿಗೆ ಮೂಗು ಒತ್ತಿ ಕೂತಳು. ಟಿಕೆಟ್ ಕೊಡುವವನನ್ನು ನೋಡಿ ನಕ್ಕಳು, ಪಕ್ಕದ ಸೀಟಿನವಳ ಕೈಯಿಂದ ಪೇರಲ ಹಣ್ಣು ಇಸಿದುಕೊಂಡಳು. “ನೋಡು, ಮಂದಿ ಹತ್ರ ಎಷ್ಟು ಚಂದ ಇರ್ತೈತಿ,” ಜಂಬಮ್ಮ ಗೊಣಗಿದಳು. “ನಾವ ಅದಕ್ಕ ವೈರಿಗಳು.”

ವೈರಿ ನಾನೊಬ್ಬಳೇ ಅಂದುಕೊಂಡಳು ಗಂಗೋತ್ರಿ. ಕಚ್ಚುವುದು ನನ್ನನ್ನೇ. ಉಂಡು ಅನ್ನುವುದೂ ನನಗೇ. ಅತ್ತೆ ಎದ್ದು ಹೋದರೆ, ಗಂಡ ಅಂಗಡಿಗೆ ಹೋದರೆ ಹುಡುಗಿ ತುಟಿ ಬಿಚ್ಚುವುದಿಲ್ಲ. ಹಸಿವಾಗಿದ್ದರೆ ಯಾರನ್ನಾದರೂ ಕೇಳಬಹುದಲ್ಲ? ಇದು ಇಷ್ಟು ದಿನ ಹೊಳೆದಿರಲಿಲ್ಲ. ಹೊಳೆದ ಮೇಲೂ ಅದನ್ನು ಹಿಡಿದು ಎಲ್ಲಿಗೆ ಹೋಗಬೇಕು ಅನ್ನುವುದು ತಿಳಿಯಲಿಲ್ಲ.

ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭತ್ತದ ಕೊಯ್ಲಿಗೆ ಬಂದವರ ಗಂಟುಮೂಟೆ, ಆದೋನಿ ಬಸ್ಸಿಗೆ ಕಾದವರ ಗಲಾಟೆ. ಗಂಗೋತ್ರಿ ಅತ್ತೆಯನ್ನೂ ಹುಡುಗಿಯನ್ನೂ ಕಲ್ಲಿನ ಬೆಂಚಿನ ಮೇಲೆ ಕೂರಿಸಿದಳು.

“ಶಾಂಭವಿ ಮುಡಿಗೆ ದಂಡಿ ಹೂವು ತರ್ತೀನಿ. ಇಲ್ಲೇ ಕುಂದ್ರು. ಅಜ್ಜಿ ಕೈ ಬಿಡಬ್ಯಾಡ.”

“ಉಂಡು.” ಮೀನಾಕ್ಷಿಯ ಕೈ ಅವಳ ಸೆರಗು ಹಿಡಿಯಿತು.

“ಹೋದ ಮ್ಯಾಲೆ ಹೋಳಿಗಿ ಅದಾವು, ಉಣ್ಣಂತಿ.” ಗಂಗೋತ್ರಿ ಸೆರಗು ಬಿಡಿಸಿಕೊಂಡಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಹೂವಿನವಳ ಬುಟ್ಟಿಯ ಹತ್ತಿರ ಇನ್ನೊಬ್ಬಳು ನಿಂತಿದ್ದಳು. ತಲೆಯ ಮೇಲೆ ಗಂಟು, ಕಾಲ ಬಳಿ ಮೂರು ನಾಲ್ಕು ವರ್ಷದ ಗಂಡು ಕೂಸು. ನಲ್ಲಿಯ ಕಡೆ ಕೈ ತೋರಿಸಿ ಕೂಸಿಗೆ ಹೇಳಿದಳು: “ಇಕ್ಕಡೇ ಉಂಡುರಾ, ನೀಳ್ಳು ತೆಸ್ತಾ.”

ಕೂಸು ತಲೆಯಾಡಿಸಿ ಅಲ್ಲೇ ನಿಂತಿತು.

ಗಂಗೋತ್ರಿ ಹೂವಿನ ಮಾಲೆಗೆ ಚಾಚಿದ್ದ ಕೈ ಹಾಗೇ ಉಳಿಯಿತು. ಇಲ್ಲೇ ಇರು, ನೀರು ತರ್ತೀನಿ. ಅಷ್ಟೇ ಆ ಹೆಂಗಸು ಅಂದದ್ದು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ ಆ ಮಾತು? ಅವಳೇ ಸೀರೆ ಅಂಗಡಿಯಲ್ಲಿ, ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡುವವಳು. ಉಂಡು ಅಂದರೆ ಇರು. ಹೋಗಬೇಡ, ಇರು. ಕೂಸು ಕನ್ನಡ ಮಾತಾಡುತ್ತದೆ, ಕಾಗದದಲ್ಲೂ ಕನ್ನಡ ಅಂತಿದೆ ಎಂದು ಮನೆಮಂದಿಯೆಲ್ಲ ಆ ಒಂದು ಮಾತನ್ನೂ ಕನ್ನಡ ಮಾಡಿಕೊಂಡು ಕೂತಿದ್ದರು. ತಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗುವಾಗ ಈ ಹುಡುಗಿ ಏನು ಕೂಗಿರಬೇಕು? ಇರು ಅಂತ ಬೇಡಿಕೊಂಡ ಕೂಸಿಗೆ ನಾನು ದಿನವೂ ಏನು ಹೇಳುತ್ತಿದ್ದೆ? ನನ್ನ ಊಟ ಆಗೈತವ್ವ ಅಂತ. ಕೈಯಲ್ಲಿ ರೊಟ್ಟಿ ಇಟ್ಟು ಬೆನ್ನು ತಿರುಗಿಸುತ್ತಿದ್ದೆ.

“ಹೂವು ಬೇಕೇನಮ್ಮ, ಬ್ಯಾಡೇನು?” ಹೂವಿನವಳು ಕೇಳಿದಳು.

ಗಂಗೋತ್ರಿ ಆಗಲೇ ತಿರುಗಿ ನಡೆದಿದ್ದಳು. ಬೆಂಚಿನ ಮೇಲೆ ಜಂಬಮ್ಮ ಒಬ್ಬಳೇ ಕೂತು ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿದ್ದಳು.

“ಅತ್ತೀ, ಕೂಸೆಲ್ಲಿ?”

“ಇಲ್ಲೇ ಐತಲ್ಲ...” ಜಂಬಮ್ಮ ಪಕ್ಕಕ್ಕೆ ಕೈಯಾಡಿಸಿದಳು. ಕಲ್ಲು ಕೈಗೆ ತಗಲಿತು. “ಅಯ್ಯೋ ಶಿವನ, ಈಗಿತ್ತು! ಈಗ ಇಲ್ಲೇ ಇತ್ತು!”

ಗಂಗೋತ್ರಿ ಶೌಚಾಲಯದ ಕಡೆ ಓಡಿದಳು, ಚಹಾ ಅಂಗಡಿಯ ಹಿಂದೆ ಇಣುಕಿದಳು. “ಮೀನಾ! ಮೀನಾಕ್ಷಿ!” ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಯಾರು ಕರೆದರೂ ಹೋಗುವ ಹುಡುಗಿ. ಯಾರ ಕೈಯಾದರೂ ಹಿಡಿದು ನಗುತ್ತ ನಡೆದುಬಿಡುವ ಹುಡುಗಿ. ಎಷ್ಟು ಬಸ್ಸು, ಎಷ್ಟು ಬಾಗಿಲು!

ಆಗ ಕಂಡಳು. ಆದೋನಿಯ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಗಂಗೋತ್ರಿ ಉಟ್ಟಂಥದೇ ಗಿಣಿ ಹಸಿರು ಸೀರೆಯ ಯಾರೋ ಹೆಂಗಸು ಈಗಷ್ಟೇ ಅದನ್ನು ಹತ್ತಿದ್ದಳು. ಅವಳ ಸೆರಗಿನ ತುದಿ ಬಾಗಿಲಲ್ಲಿ ಇನ್ನೂ ಕಾಣುತ್ತಿತ್ತು. ಮೀನಾಕ್ಷಿ ಬಸ್ಸಿನ ಹಿಂಬದಿಯಿಂದ ಸುತ್ತಿ ಆ ಬಾಗಿಲ ಕಡೆ ಓಡುತ್ತಿದ್ದಳು. ಚಕ್ರ ಅವಳ ಕಡೆಗೇ ಉರುಳುತ್ತಿತ್ತು. ನಿರ್ವಾಹಕ ಮುಂದುಗಡೆ ನಿಂತು ಸೀಟಿ ಊದುತ್ತಿದ್ದ. ಅವನಿಗೆ ಹುಡುಗಿ ಕಾಣುವಂತಿರಲಿಲ್ಲ.

ಮೀನಾ ಅಂದರೆ ನಿಲ್ಲುವುದಿಲ್ಲ. ನಿಲ್ಲು ಅಂದರೂ ನಿಲ್ಲುವುದಿಲ್ಲ, ಎಷ್ಟು ಸಲ ನೋಡಿಲ್ಲ! ಗಂಗೋತ್ರಿಯ ಗಂಟಲಿನಿಂದ ಇನ್ನೊಂದೇ ಬಂತು.

“ಉಂಡು! ಮೀನಾ, ಉಂಡೂ!”

ಹುಡುಗಿ ಕಾಲು ಕಟ್ಟಿದಂತೆ ನಿಂತಳು. ಬಸ್ಸಿನ ಹಿಂಬದಿ ಅವಳ ಮೂಗಿನ ಮುಂದೆ ಒಂದು ಗೇಣು ಬಿಟ್ಟು ಸರಿದುಹೋಯಿತು. ಯಾರೋ ಬಸ್ಸಿನ ತಗಡು ಬಡಿದು ಕೂಗಿದರು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬಾಯಿಗೆ ಬಂದಂತೆ ಬೈದ. “ಕೂಸಿನ್ನ ಹಿಡಕೊಳ್ಳಾಕ ಬರಂಗಿಲ್ಲಂದ್ರ ಯಾಕ ಹಡೀತೀರವ್ವ!”

ಗಂಗೋತ್ರಿ ಧೂಳಿನಲ್ಲೇ ಮೊಣಕಾಲೂರಿ ಕೂತಳು. ಹುಡುಗಿ ತಿರುಗಿ ಅವಳನ್ನು ನೋಡಿದಳು, ಬಸ್ಸು ಹತ್ತಿದ ಹಸಿರು ಸೀರೆಯ ಕಡೆ ನೋಡಿದಳು, ಮತ್ತೆ ಇವಳನ್ನು ನೋಡಿದಳು. ನಡೆದು ಬಂದು ಗಂಗೋತ್ರಿಯ ಹೆಗಲಿಗೆ ಬಾಯಿ ಹಾಕಿ ಕಚ್ಚಿದಳು. ಕುಪ್ಪಸದ ಮೇಲಿಂದಲೇ ಹಲ್ಲು ಊರಿತು. ಗಂಗೋತ್ರಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

“ಉಂಟಾನಮ್ಮಾ,” ಅಂದಳು. “ಇರ್ತೀನಿ. ಎಲ್ಲಿಗೂ ಹೋಗಂಗಿಲ್ಲ.”

ಹಲ್ಲು ಸಡಿಲಾಗಲಿಲ್ಲ. ಆದರೆ ಅಲ್ಲಿಯವರೆಗೆ ಯಾರ ಮುಂದೆಯೂ ಅತ್ತಿರದ ಹುಡುಗಿಯ ಮೈ ನಡುಗತೊಡಗಿತು. ಕುಪ್ಪಸದ ಹೆಗಲು ಒದ್ದೆಯಾಯಿತು.

ಜಂಬಮ್ಮ ಏದುಸಿರು ಬಿಡುತ್ತ ಬಂದು ನಿಂತಿದ್ದಳು. ಅವಳ ತವರು ಆಂಧ್ರದ ಆಲೂರು, ಅಪ್ಪಟ ತೆಲುಗಿನ ನೆಲ. ಬಾಯಿಗೆ ಸೆರಗು ಒತ್ತಿಕೊಂಡು ಅಂದಳು: “ನಮ್ಮವ್ವ ನನ್ನ ಇದೇ ಮಾತಿನಾಗ ಬೆಳಿಸಿದ್ಲಲ್ಲ ಗಂಗೋತ್ರಿ. ನನ್ನ ಕಿವಿಗೇನು ಮಣ್ಣು ಬಿದ್ದಿತ್ತು?”

ಕುಬುಸದ ಮನೆಯಲ್ಲಿ ಮೀನಾಕ್ಷಿ ಗಂಗೋತ್ರಿಯ ಸೆರಗಿನ ತುದಿಯನ್ನು ತನ್ನ ಮುಷ್ಟಿಗೆ ಸುತ್ತಿಕೊಂಡೇ ಇದ್ದಳು. ಶಾಂಭವಿ ಹಸಿರು ಬಳೆ ತೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು ಅವಳನ್ನು ದೂರದಿಂದಲೇ ನೋಡಿದಳು. “ಅವ್ವಾ, ನನಗ ಅಂಜಿಕಿ ಬರ್ತೈತಿ,” ಅಂದಳು. “ಸುಳ್ಳು ಯಾಕ ಹೇಳ್ಲಿ.”

“ಅಂಜು. ನಾನೂ ಅಂಜೀನಿ,” ಅಂದಳು ಗಂಗೋತ್ರಿ.

ಕುರುಗೋಡಿಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅನ್ನುವ ಹಾಗೇನೂ ಆಗಲಿಲ್ಲ. ಗಂಗೋತ್ರಿ ಈಗ ಎದ್ದರೆ, ಎಲ್ಲಿಗೆ ಹೋಗುತ್ತಿದ್ದೇನೆ, ಏನು ಹಿಡಿದುಕೊಂಡು ಬರುತ್ತೇನೆ ಅಂತ ಹೇಳಿಯೇ ಏಳುತ್ತಿದ್ದಳು. ಉಂಡು ಅಂದರೆ ಒಂದು ಗಳಿಗೆ ನಿಂತು, ಕಣ್ಣಿಗೆ ಕಣ್ಣು ಕೊಟ್ಟು, ಆಮೇಲೆ ಹೋಗುತ್ತಿದ್ದಳು. ಕೆಲವು ಸಲ ಹುಡುಗಿ ಬಾಗಿಲಲ್ಲೇ ಕೂತು ಕಾಯುತ್ತಿದ್ದಳು. ಕೆಲವು ಸಲ ತಂಬಿಗೆ ಹಾರಿ ಬರುತ್ತಿತ್ತು. ಹಾಸಿಗೆಯಲ್ಲಿ ಬಚ್ಚಿಟ್ಟ ರೊಟ್ಟಿ ಸಿಗುತ್ತಲೇ ಇತ್ತು. ಜಂಬಮ್ಮ ಈಗ ಅದನ್ನು ಬೈಯದೆ, ಒಣಗಿದ್ದನ್ನು ತೆಗೆದು ಬಿಸಿಯದನ್ನು ಅಲ್ಲೇ ಇಡುತ್ತಿದ್ದಳು. ಒಮ್ಮೆ ತಟ್ಟೆ ಎಸೆದಾಗ ಮಾತ್ರ, “ನಿಮ್ಮವ್ವ ಇದನ್ನ ಕಲಿಸಿಲ್ಲ ನಿನಗ, ನನಗ ಗೊತ್ತೈತಿ,” ಅಂತ ತೆಲುಗಿನಲ್ಲೇ ಗದರಿದಳು. ಮೀನಾಕ್ಷಿ ಅವಳ ಬಾಯನ್ನೇ ನೋಡುತ್ತ ನಿಂತುಬಿಟ್ಟಳು.

ಜಯಶ್ರೀ ಮೇಡಂ ಫೋನು ಮಾಡಿ, ಸಭೆ ಬಂದೇಬಿಟ್ಟಿತು ಅಂದರು. ಮೊಬೈಲಿನಲ್ಲಿ ಫೋಟೋ ಕಳಿಸಿದರೆ ನಡೆಯುವುದಿಲ್ಲ, ಸಹಿಯಿರುವ ಕಾಗದವೇ ಕೈಗೆ ಬರಬೇಕು.

ಗಂಗೋತ್ರಿ ಗೂಡಿನ ಕವರಿನಿಂದ ಟೈಪು ಮಾಡಿಸಿದ ಹಾಳೆ ತೆಗೆದು ಒಲೆಗೆ ಹಾಕಿದಳು. ಹೊಸ ಹಾಳೆಯ ಮೇಲೆ ತಾನೇ ಬರೆದಳು. ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಂದೆ ಇಟ್ಟಳು.

ಅವನು ಓದಿದ. ಇನ್ನೊಮ್ಮೆ ಓದಿದ.

“ಹೆರಿಗಿ ಆಗೂದ್ರಾಗ ಇದು ಸುಧಾರಿಸ್ತೈತಿ ಅಂತ ನನಗ ಮಾತು ಕೊಡ್ತಿ ಏನು?”

“ಇಲ್ಲ.”

“ಮತ್ತ?”

“ಸುಧಾರಿಸಲಿಲ್ಲಂದ್ರೂ ಇರ್ಲಿ ಅಂತ ಬರ್ದೀನಿ. ಮೋಕದವರು ಕಳಿಸಿದ್ರು. ನಾವೂ ಕಳಿಸಿದ್ವಿ ಅಂದ್ರ, ಇನ್ನ ಅದು ಯಾರಿಗೂ ಇರು ಅನ್ನಂಗಿಲ್ರಿ. ನಗುತ್ತ ನಗುತ್ತ ಎಲ್ಲರ ತೊಡಿ ಮ್ಯಾಲೆ ಕುಂದ್ರತೈತಿ, ಅಷ್ಟ.”

“ನನ್ನ ಮಗಳ ಕೂಸಿಗೆ ಏನಾರ ಆತು ಅಂದ್ರ?”

“ಅವಳು ನನಗೂ ಮಗಳು. ತೊಟ್ಲ ಪಕ್ಕ ನಾನ ಇರ್ತೀನಿ. ಖಾರ, ಚಾಕು ಎಲ್ಲ ಅಟ್ಟಕ್ಕ ಏರಿಸ್ತೀನಿ.”

ಚನ್ನಬಸವರಾಜ ಕೈತೊಳೆಯದೆ ಬಹಳ ಹೊತ್ತು ಕೂತ. ಎಂಜಲು ಕೈ ಒಣಗಿ ಹೋಯಿತು. ಕೊನೆಗೆ ಎದ್ದು, ಕೈ ತೊಳೆದು, ಜೇಬಿನ ಪೆನ್ನು ತೆಗೆದ. “ಶಾಂಭವಿ ಮಲಗೋ ಕ್ವಾಣಿಗೆ ಒಳಗಿಂದ ಒಂದು ಚಿಲಕ ಹಾಕಿಸ್ತೀನಿ. ಯಾರೂ ಬ್ಯಾಸರ ಮಾಡ್ಕೋಬಾರದು,” ಅಂದ. “ಮಾಡ್ಕೊಳ್ಳಂಗಿಲ್ಲ,” ಅಂದಳು ಗಂಗೋತ್ರಿ. ಅವನು ಸಹಿ ಹಾಕಿ, ಮುಖ ತಿರುಗಿಸಿಕೊಂಡೇ ಅಂಗಡಿಗೆ ಹೋದ.

ಅಂಚೆ ಕಚೇರಿಗೆ ಮೀನಾಕ್ಷಿಯನ್ನೂ ಕರೆದುಕೊಂಡು ಹೊರಟಳು. ದಾರಿಯಲ್ಲಿ ಹುಡುಗಿ ಚೆನ್ನಾಗಿಯೇ ಇದ್ದಳು. ಕೌಂಟರಿನ ಮುಂದೆ ಗಂಗೋತ್ರಿ ಕೈಚೀಲದಿಂದ ಕಂದು ಕವರು ತೆಗೆದದ್ದೇ ತಡ, ಹಾರಿ ಅದನ್ನು ಕಿತ್ತುಕೊಂಡಳು. ಮೂಲೆಗೆ ಓಡಿ ಕವರನ್ನು ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟಳು. ಮೋಕದ ಮನೆಯವರೂ ಇಂಥದೇ ಕವರಿನಲ್ಲಿ ಬರೆದು ಕಳಿಸಿದ್ದರು. ಆಮೇಲೆ ಅವಳನ್ನು ಕರೆದೊಯ್ಯಲು ಕಚೇರಿಯ ಜೀಪು ಬಂದಿತ್ತು.

“ಏ ಹುಡುಗಿ, ಅದು ಸ್ಪೀಡ್ ಪೋಸ್ಟ್ ಐತಿ, ಮೊಟ್ಟೆ ಅಲ್ಲ ಕಾವು ಕೊಡಾಕ!” ಅಂಚೆ ಗುಮಾಸ್ತ ನಕ್ಕ.

ಹಿಂದೆ ನಿಂತಿದ್ದ ಇಬ್ಬರು ನಕ್ಕರು. ಗಂಗೋತ್ರಿ ನಗಲಿಲ್ಲ. ಹುಡುಗಿಯ ಎದುರಿಗೆ ನೆಲದ ಮೇಲೆ ಕೂತಳು.

“ತೆಗಿ. ಅದರಾಗ ಏನೈತಿ ನೋಡು. ಅಂಟಿಸಿಲ್ಲ ಇನ್ನ.”

ಬಹಳ ಹೊತ್ತು ಹುಡುಗಿ ಅಲ್ಲಾಡಲಿಲ್ಲ. ಗುಮಾಸ್ತ ಮುಂದಿನವರನ್ನು ಕರೆದ. ಆಮೇಲೆ ಮೀನಾಕ್ಷಿ ಕವರನ್ನು ಎಳೆದು ಹಾಳೆ ಬಿಚ್ಚಿದಳು. ಅಕ್ಷರಗಳ ಕೆಳಗೆ ಬೆರಳಿಟ್ಟಳು. ತಡವರಿಸಿದ ಕಡೆ ಗಂಗೋತ್ರಿ ಓದಿದಳು.

‘ಮಾನ್ಯರೇ, ಮೀನಾಕ್ಷಿಯನ್ನು ನಾವು ಇಟ್ಟುಕೊಳ್ಳುತ್ತೇವೆ. ಅವಳು ಇನ್ನೂ ಕಚ್ಚುತ್ತಾಳೆ, ರೊಟ್ಟಿ ಬಚ್ಚಿಡುತ್ತಾಳೆ. ನಿಮ್ಮಿಂದ ಮುಚ್ಚಿಡುವುದಿಲ್ಲ. ಅವಳ ತಾಯಿಯ ಮಾತು ತೆಲುಗು. ನಿಮ್ಮ ಕಾಗದದಲ್ಲಿ ತಿದ್ದಿಕೊಳ್ಳಿ. ಇಂಥ ಮಕ್ಕಳನ್ನು ಬಲ್ಲ ಡಾಕ್ಟರು ಬಳ್ಳಾರಿಯಲ್ಲಿ ಇದ್ದರೆ ತಿಳಿಸಿ, ಕರೆದುಕೊಂಡು ಬರುತ್ತೇವೆ. ಬಂದ ಮೇಲೆ ಅವಳನ್ನು ಕರೆದುಕೊಂಡೇ ಮನೆಗೆ ವಾಪಸ್ ಹೋಗುತ್ತೇವೆ.’

“ಕಚ್ಚುತ್ತಾಳೆ ಅಂತ ಯಾಕ ಬರ್ದಿ?” ಕೇಳಿದಳು ಮೀನಾಕ್ಷಿ.

“ಕಚ್ಚತೀಯಲ್ಲ.”

ಹುಡುಗಿ ಯೋಚಿಸಿದಳು. “ಹ್ಞೂ,” ಅಂದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತಾನೊಬ್ಬಳೇ ಇನ್ನೊಮ್ಮೆ ಓದಿದಳು, ತುಟಿ ಅಲ್ಲಾಡಿಸುತ್ತ. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಒಳಗೆ ತಳ್ಳಿದಳು.

ಕಿಟಕಿಯ ಪಕ್ಕದಲ್ಲಿ ಅಂಟಿನ ಡಬ್ಬಿ ಇತ್ತು. ಮೀನಾಕ್ಷಿ ತುದಿಗಾಲಲ್ಲಿ ನಿಂತು, ಬೇಕಾದ್ದಕ್ಕಿಂತ ಜಾಸ್ತಿ ಅಂಟು ಬಳಿದು, ಕವರಿನ ಬಾಯಿಯನ್ನು ಎರಡೂ ಅಂಗೈಯಿಂದ ಒತ್ತಿದಳು. ಗುಮಾಸ್ತ ಕೈ ಚಾಚಿದ. ಅವಳು ಕೊಡಲಿಲ್ಲ, ಗಂಗೋತ್ರಿಯ ಕೈಗೆ ಕೊಟ್ಟಳು. ಗಂಗೋತ್ರಿ ಕೌಂಟರಿನೊಳಗೆ ದಾಟಿಸಿದಳು. ಅವನು ತೂಕ ನೋಡಿ, ಪಟ್ಟಿ ಅಂಟಿಸಿ, ಅಂಟು ಹತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತ, ಬಳ್ಳಾರಿಗೆ ಹೋಗುವ ಚೀಲದೊಳಗೆ ಕವರನ್ನು ಹಾಕಿದ.